ಟೀವಿ ಹೊದಿಕೆಯ ನಮೂನೆ

ಪ್ರೀತಿಯ ಗಂಗಕ್ಕನಿಗೆ ತಂಗಿ ಶಾಂತಾ ಮಾಡುವ ಶರಣು.

ಅಲ್ಲಿ ಅವ್ವ ಹೇಗಿದ್ದಾಳೆ? ಅವಳ ಮಂಡಿನೋವು ಇಲ್ಲೇ ಉಳಿಯಿತೋ, ಅಲ್ಲಿಗೂ ಹೊತ್ತುಕೊಂಡು ಹೋದಳೋ? ಅಪ್ಪನ ಕೆಮ್ಮು ಕಡಿಮೆಯಾಯಿತೇ? ಗಿರಿಜತ್ತೆ ಅಲ್ಲಿಯೂ ಚಹಾಕ್ಕೆ ಸಕ್ಕರೆ ಸಾಲದೆಂದು ಎಲ್ಲರೊಡನೆ ಜಗಳ ತೆಗೆಯುತ್ತಿರಬೇಕು. ನಿನ್ನ ಕಣ್ಣಿನ ಪೊರೆ? ಯುಗಾದಿ ಆಗಲಿ, ಶ್ರಾವಣ ಕಳೆಯಲಿ ಎಂದು ಮುಂದೆ ಹಾಕುತ್ತಲೇ ಹೋಗಿಬಿಟ್ಟೆ. ಇಲ್ಲಿ ಭಾವ ಆರಾಮ ಇದ್ದಾರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಾನು ನೋಡದಿದ್ದಾಗ ಬೆಲ್ಲ ತಿನ್ನುತ್ತಾರೆ. ನಿನ್ನ ಮಗಳು ಸವಿತಾಳ ಸುದ್ದಿ ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದನ್ನು ನೀನು ಓದುವವಳಲ್ಲ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ?

ಇದನ್ನು ಬರೆಯುತ್ತಿರುವುದು ನಿನ್ನ ಮನೆಯಲ್ಲೇ, ಅಂಬೇವಾಡಿಯಲ್ಲೇ, ಅಡುಗೆಮನೆಯ ಕಿಟಕಿಯ ಪಕ್ಕ ನೀನು ಕೂರುತ್ತಿದ್ದ ಕುರ್ಚಿಯಲ್ಲಿ. ಸವಿತಾಳ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತವರಿನಲ್ಲಿ ತಾಯಿಯಿಲ್ಲ. ಅದಕ್ಕೆ ಹಳಿಯಾಳದ ಮನೆಗೆ ಬೀಗ ಹಾಕಿ ನಾನು ಬಂದೆ. ಬಂದ ದಿನವೇ ಸವಿತಾ ನಿನ್ನ ಟ್ರಂಕು ತೆಗೆದು, ಎರಡು ಕಡ್ಡಿಗಳ ಸಮೇತ ಅರ್ಧಕ್ಕೆ ನಿಂತಿದ್ದ ಆ ಹಳದಿ ಉಲ್ಲನ್ನಿನ ಶಾಲನ್ನು ನನ್ನ ತೊಡೆಯ ಮೇಲಿಟ್ಟಳು.

ನೆನಪಿದೆಯೇ, ಹೋದ ಸಲ ನಾನು ಬಂದಾಗ ನೀನು ಅದನ್ನೇ ಹೆಣೆಯುತ್ತಿದ್ದೆ. ಸವಿತಾಳ ಮದುವೆಯಾಗಿ ವರ್ಷಗಳು ಕಳೆದಿದ್ದವು, ಇನ್ನೂ ಏನೂ ಸುದ್ದಿಯಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದೆಂದು ನಮಗೆ ಹೇಳಿಕೊಟ್ಟವಳೇ ನೀನು. ಏನು ಹೆಣೆಯುತ್ತೀ ಎಂದು ಕೇಳಿದರೆ ಮುಖ ಎತ್ತದೆ, "ಟೀವಿಗೆ ಹೊದಿಕಿ ಮಾಡಾಕತ್ತೇನಿ" ಎಂದೆ. ಭಾವ ಪೇಪರು ಕೆಳಗಿಳಿಸಿ, "ನಮ್ಮ ಟೀವಿ ಗ್ವಾಡಿಗೆ ಹತ್ತಿ ಕುಂತೈತಿ, ಯಾವ ಟೀವಿಗೆ ಹೊಚ್ಚತಿ?" ಎಂದರು. "ಚಳಿಗಾಲದಾಗ ಅದಕ್ಕೂ ಥಂಡಿ ಆಕ್ಕೈತ್ರಿ, ನೀವು ಸುಮ್ಮನ ಪೇಪರ್ ಓದ್ರಿ" ಎಂದು ನೀನು ಅವರ ಬಾಯಿ ಮುಚ್ಚಿಸಿದೆ. ಮೂವರಿಗೂ ಗೊತ್ತಿತ್ತು. ಮೂವರೂ ನಗಲಿಲ್ಲ. ಮುಂದೆ ಸುದ್ದಿ ಬಂತು, ಸುದ್ದಿ ಬಂದ ಸ್ವಲ್ಪ ದಿನಕ್ಕೇ ನೀನು...

"ಚಿಗವ್ವ, ಇದನ್ನ ಮುಗಿಸಿಕೊಡು" ಎಂದಳು ಸವಿತಾ. "ಆದ್ರ ಅವ್ವನ ನಮೂನಿನ ಆಗಬೇಕು. ಬ್ಯಾರೆ ಹಾಕಿದ್ರ ಅರ್ಧ ಅವ್ವಂದು, ಅರ್ಧ ಯಾರದೋ ಅನಸ್ತೈತಿ." ಅಷ್ಟೇನಾ ಎಂದುಕೊಂಡು ಶಾಲನ್ನು ಬೆಳಕಿಗೆ ಹಿಡಿದೆ. ಎರಡೂ ಬದಿ ಒಂದೇ ಥರ ಕಾಣುವ ಬರೀ ಸೀದಾ ಹೆಣಿಗೆ, ಚಿಕ್ಕಂದಿನಲ್ಲಿ ನೀನು ನನಗೆ ಮೊದಲು ಕಲಿಸಿದ್ದು. ಆದರೆ ಅದರ ನಡುವೆ ಅಲ್ಲಲ್ಲಿ ಒಂದೊಂದು ಸಣ್ಣ ತೂತು. ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಆಮೇಲೆ ಗೇಣುದ್ದ ಏನೂ ಇಲ್ಲ, ಮತ್ತೆ ಹತ್ತಿರ ಹತ್ತಿರ ಎರಡು. ಹಳದಿ ಆಕಾಶದಲ್ಲಿ ಚಿಕ್ಕಿ ಚೆಲ್ಲಿದ ಹಾಗೆ. ಚೆಂದವೇನೋ ಇತ್ತು. ಆದರೆ ಎಷ್ಟು ಕುಣಿಕೆಗೊಮ್ಮೆ, ಎಷ್ಟು ಸಾಲಿಗೊಮ್ಮೆ? ಎಣಿಸಿ ನೋಡಿದೆ, ಲೆಕ್ಕ ಒಮ್ಮೆಯೂ ಕೂಡಲಿಲ್ಲ.

ಇನ್ನೊಂದು ನನ್ನನ್ನು ಕಾಡಿತು. ಕೂಸಿನ ಬಟ್ಟೆಗೆ ತೂತಿನ ನಮೂನೆ ಆರಿಸಬಾರದೆಂದು ಹೇಳುತ್ತಿದ್ದವಳು ನೀನೇ ಅಲ್ಲವೇ? ನನ್ನ ಮೊದಲ ಮಗನಿಗೆ ನಾನು ಜಾಲರಿ ಹೆಣಿಗೆಯ ಸ್ವೆಟರು ಶುರುಮಾಡಿದಾಗ ಕೈಯಿಂದ ಕಸಿದುಕೊಂಡು, "ಹುಚ್ಚಿ, ಕೂಸಿನ ಬೆರಳ ಸಿಕ್ಕೊಂಡಾವು. ನೋಡಾಕ ಚೆಂದ ಇದ್ರ ಸಾಕೇನು? ಯಾರ ಮೈಮ್ಯಾಲೆ ಹಾಕ್ತಿ, ಅವರನ್ನ ನೆನಸ್ಕೊಂಡು ನಮೂನಿ ಆರಸಬೇಕು" ಎಂದು ಪೂರ್ತಿ ಬಿಚ್ಚಿಸಿದ್ದೆ. ಅಂಥವಳು ಹುಟ್ಟದ ಮೊಮ್ಮಗುವಿಗೆ ತೂತಿನ ಶಾಲು ಯಾಕೆ ಹೆಣೆದೆ?

ನಮೂನೆ ಹುಡುಕುವುದು ಅಂದರೆ ನನಗೆ ಹಳಿಯಾಳದ ಬಸ್‌ಸ್ಟ್ಯಾಂಡೇ ಕಣ್ಣಮುಂದೆ ಬರುತ್ತದೆ. ನಮಗೆ ಪುಸ್ತಕ ಎಲ್ಲಿತ್ತು? ಜನರ ಬೆನ್ನೇ ನಮ್ಮ ಪುಸ್ತಕ. ಚಳಿಗಾಲ ಬಂತೆಂದರೆ ನೀನು ದಾಂಡೇಲಿ ಬಸ್ಸಿಗೆ ಕಾಯುವ ನೆಪದಲ್ಲಿ ಬಂದವರ, ಹೋದವರ ಬೆನ್ನು ಓದುತ್ತ ನಿಲ್ಲುತ್ತಿದ್ದೆ. ಒಮ್ಮೆ ಬಳ್ಳಿ ಹೆಣಿಗೆಯ ಕಡುಗೆಂಪು ಸ್ವೆಟರಿನ ಹೆಂಗಸೊಬ್ಬಳ ಹಿಂದೆ ಹೊರಟವಳು, ಎಣಿಸುತ್ತ ಎಣಿಸುತ್ತ ಧಾರವಾಡದ ಬಸ್ಸನ್ನೇ ಹತ್ತಿಬಿಟ್ಟೆ. ನಿನ್ನ ಸೆರಗು ಹಿಡಿದು ನಾನೂ. ಆಕೆ ತಿರುಗಿ, "ಯಾಕ್ರೀ ಬಾಯಾರ, ನನ್ನ ಬೆನ್ನಿಗೆ ಏನರ ಹತ್ತೈತೇನು?" ಎಂದಳು. ನೀನು ಸ್ವಲ್ಪವೂ ಅಳುಕದೆ, "ಬಳ್ಳಿ ಹತ್ತೈತ್ರಿ! ಎಲ್ಲಿ ಹೊಳ್ಳತೈತಿ ಅಂತ ನೋಡಾಕತ್ತೇನಿ, ಚೂರು ಹಂಗ ನಿಂದರ್ರಿ" ಎಂದೆ. ಇಡೀ ಬಸ್ಸು ನಕ್ಕಿತು. ಆ ತಾಯಿ ಊರು ದಾಟುವವರೆಗೂ ಬೆನ್ನು ತಿರುಗಿಸಿಕೊಂಡೇ ನಿಂತಳು. ಕಂಡಕ್ಟರು ನಮ್ಮನ್ನು ದಾರಿಯಲ್ಲಿಳಿಸಿದ, ನಡೆದು ಮರಳಿದೆವು, ಕಾಲು ಬಾತು ಹೋದವು. ಆದರೆ ಆ ಬಳ್ಳಿ ನಿನ್ನ ತಲೆಯಲ್ಲಿ ಕೂತಿತ್ತು. ಆ ಚಳಿಗಾಲ ಸ್ವೆಟರಾಗಿ ನನ್ನ ಮೈಮೇಲೆ ಬಂತು.

ಈಗ ನಮೂನೆಗೆ ಬರವಿಲ್ಲ, ಅಕ್ಕಾ. ಸವಿತಾ ಮೊಬೈಲು ತೆಗೆದು ತೋರಿಸುತ್ತ ಕೂತಳೆಂದರೆ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ನವಿಲುಗರಿ, ಜೇನುಗೂಡು, ಎಲೆ, ಅಲೆ. ಎಲ್ಲೋ ಉತ್ತರದ ಹೆಣ್ಣುಮಕ್ಕಳು ಬರೀ ಕೈಯಷ್ಟೇ ತೋರಿಸುತ್ತ ಎರಡು ಸೀದಾ, ಒಂದು ಉಲ್ಟಾ ಎಂದು ಹಿಂದಿಯಲ್ಲಿ ಹೇಳುತ್ತಾರೆ. ನಿಲ್ಲಿಸಿ ನಿಲ್ಲಿಸಿ ನೋಡಬಹುದು, ಯಾವ ಬಸ್ಸನ್ನೂ ಹತ್ತಬೇಕಾಗಿಲ್ಲ. ನೀನಿದ್ದಿದ್ದರೆ ಊಟ ಬಿಟ್ಟು ಕೂರುತ್ತಿದ್ದೆ. ನನಗೆ ಮಾತ್ರ ನೋಡಿದಷ್ಟೂ ದಿಗಿಲು. ಇಷ್ಟರಲ್ಲಿ ಒಂದನ್ನು ಆರಿಸುವುದು ಹೇಗೆ? ಚೆಂದದವು ನೂರಾರಿದ್ದವು, ನಿನ್ನದೊಂದು ಇರಲಿಲ್ಲ. ಹಳಿಯಾಳದಲ್ಲಿ ಉಲ್ಲನ್ ಅಂಗಡಿಯ ಹಳೇ ಪುಸ್ತಕಗಳನ್ನು ತಿರುವಿದೆ. ಮೌಳಂಗಿಯ ಪಾರ್ಕಿಗೆ ಬರುವ ಪ್ರವಾಸಿಗಳ ಬೆನ್ನುಗಳನ್ನೂ ನೋಡಿದೆ. ಎಲ್ಲ ಮಶೀನಿನವು, ಓದುವಂಥದ್ದೇನೂ ಇಲ್ಲ.

ಕೊನೆಗೆ ಶಾಲನ್ನು ಚೀಲದಲ್ಲಿಟ್ಟುಕೊಂಡು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದೆ. ನಾವಿಬ್ಬರೂ ಹೋಗುತ್ತಿದ್ದೆವಲ್ಲ, ಕೊಳ್ಳದೆ ಬರೀ ಮುಟ್ಟಿ ನೋಡಿ ಬರುತ್ತಿದ್ದೆವು. ಅಲ್ಲೊಬ್ಬ ವಯಸ್ಸಾದ ಸ್ವೆಟರಿನಾಕೆ, ನಮಗಿಂತ ಚೊಕ್ಕ ಕನ್ನಡ ಮಾತಾಡುತ್ತಾಳೆ. ಕನ್ನಡಕ ಏರಿಸಿ, ಶಾಲನ್ನು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಕೈ ಭಾಳ ಚಲೋ ಐತಿ ಅಕ್ಕಾರ. ಆದ್ರ ಈ ಡಿಸೈನ್ ನಾ ಎಲ್ಲೂ ನೋಡಿಲ್ಲ."

"ನೀವ ಹಿಂಗಂದ್ರ ಇನ್ನ ಯಾರನ್ನ ಕೇಳ್ಲಿ?"

"ಮಾಡಿದವರನ್ನ ಕೇಳ್ರಿ" ಎಂದು ನಕ್ಕು ಶಾಲನ್ನು ಮಡಚಿಕೊಟ್ಟಳು.

ಆಕೆಗೇನು ಗೊತ್ತು, ಪಾಪ. ಕೇಳುತ್ತೇನೆ ಎಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಿನ್ನನ್ನು ಕೇಳುತ್ತಲೇ ಬಂದೆ. ಹೇಳಕ್ಕಾ, ಇದನ್ನು ಯಾರ ಬೆನ್ನ ಮೇಲೆ ನೋಡಿದೆ? ನಾನಿಲ್ಲದಾಗ ಯಾವ ಬಸ್ಸು ಹತ್ತಿದ್ದೆ?

ಸವಿತಾಳ ದಿನಗಳು ಹತ್ತಿರ ಬರುತ್ತಿದ್ದವು. ಒಂದು ಮಧ್ಯಾಹ್ನ ಕಿಟಕಿಯ ಪಕ್ಕ ಇದೇ ಕುರ್ಚಿಯಲ್ಲಿ ಕೂತು, ಉಳಿದ ಉಲ್ಲನ್ನಿನಲ್ಲಿ ಸಣ್ಣ ತುಂಡೊಂದನ್ನು ಹೆಣೆದು ನೋಡುತ್ತಿದ್ದೆ. ಸಾಲಿನ ನಡುವೆ ಇದ್ದೇನೆ, ಪಾಳಿ ಬಿಡುವ ಹೊತ್ತಿಗೆ ಕೂಗುವ ಮಿಲ್ಲಿನ ಭೋಂಗಾ ಆಯಿತು. ಕೈಯಲ್ಲಿದ್ದುದನ್ನು ಬಿಟ್ಟು ಎದ್ದೆ, ಅನ್ನಕ್ಕಿಟ್ಟೆ. ಯಾಕೆ ಎದ್ದೆ? ಭಾವ ಮಿಲ್ಲಿನಿಂದ ನಿವೃತ್ತಿಯಾಗಿ ಎಷ್ಟು ಕಾಲವಾಯಿತು, ಪಡಸಾಲೆಯಲ್ಲೇ ತೂಕಡಿಸುತ್ತಿದ್ದರು. ಆದರೂ ಈ ಮನೆಯಲ್ಲಿ ಭೋಂಗಾ ಆದರೆ ಒಲೆಯ ಮುಂದೆ ಯಾರಾದರೂ ಇರಲೇಬೇಕು, ಅದು ಈ ಕುರ್ಚಿಯ ಗುಣವೋ ಏನೋ. ಬಂದು ಮತ್ತೆ ಕಡ್ಡಿ ಹಿಡಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಸಣ್ಣದೊಂದು ತೂತು. ನಿನ್ನದೇ ತೂತು!

ಬಿಚ್ಚಿ ನೋಡಿದೆ, ತಿಳಿಯಿತು. ಸಾಲಿನ ನಡುವೆ ಎದ್ದವಳು, ಕೂತಾಗ ಕಡ್ಡಿಗಳನ್ನು ಅದಲುಬದಲು ಹಿಡಿದಿದ್ದೆ. ಮುಂದಕ್ಕೆ ಹೋಗಬೇಕಾದವಳು ಬಂದ ದಾರಿಯಲ್ಲೇ ಹಿಂದಿರುಗಿದ್ದೆ. ಎರಡೂ ಬದಿ ಒಂದೇ ಥರ ಇರುವ ಹೆಣಿಗೆಯಲ್ಲಿ ಅದು ಗೊತ್ತಾಗುವುದಿಲ್ಲ. ತಿರುಗಿದ ಜಾಗದಲ್ಲೊಂದು ತೂತು ಬೀಳುತ್ತದೆ, ಆ ಬದಿಯ ಅಂಚು ಎರಡು ಸಾಲು ಹೆಚ್ಚು ಬೆಳೆಯುತ್ತದೆ, ಅಷ್ಟೇ. ಊರೆಲ್ಲ ಹುಡುಕಿದ ನಮೂನೆ ಇದು. ನೀನು ಇದನ್ನು ಆರಿಸಿರಲೇ ಇಲ್ಲ.

ಭಾವನಿಗೆ ತೋರಿಸಿದೆ. ಅವರು ಎದ್ದು ಗೂಟದ ಮೇಲಿನ ಹಳೇ ಬೂದು ಸ್ವೆಟರು ತಂದರು. ಯಾವಾಗಲೂ ಒಂದು ಕಡೆ ಜೋಲುತ್ತಿತ್ತಲ್ಲ, ಅವರ ಹೆಗಲೇ ಸೊಟ್ಟ ಎಂದು ನಾವು ನಗುತ್ತಿದ್ದೆವಲ್ಲ, ಅದೇ. ಬೆಳಕಿಗೆ ಹಿಡಿದರೆ ಅದರಲ್ಲೂ ತೂತು.

"ಭೋಂಗಾ ಆತಂದ್ರ ಎಲ್ಲಿದ್ದದ್ದಲ್ಲೆ ಬಿಟ್ಟು ಏಳ್ತಿದ್ಲು ನಿಮ್ಮಕ್ಕ, ಶಾಂತವ್ವಾ" ಎಂದರು. "ನಾ ಗೇಟ್ ದಾಟಿ ಮನಿಗೆ ಬರೂದ್ರಾಗ ಅನ್ನ ಬಿಸಿ ಇರಬೇಕಂತ. ಸಾಲು ಮುಗಿಸಿ ಏಳು ಅಂದ್ರ ಕೇಳ್ತಿದ್ದಿಲ್ಲ."

"ತೂತ ಅದಾವಂತ ನಿಮಗ ಗೊತ್ತಿತ್ತೇನ್ರಿ ಭಾವಾ?"

"ಹಾಕ್ಕೊಂಡಾಂವಗ ಗಾಳಿ ತಿಳಿಯೂದಿಲ್ಲೇನು?" ಎಂದು ಸ್ವೆಟರನ್ನು ಅಲ್ಲೇ ತೊಟ್ಟುಕೊಂಡರು. ಅದು ಬೇಸಿಗೆ, ಅಕ್ಕಾ.

ಆಮೇಲೆ ನನಗೆ ನಿಜವಾದ ಸಂಕಟ ಶುರುವಾಯಿತು. ತಪ್ಪಿದರೆ ನಾಚಬೇಡ, ಬಿಚ್ಚು ಎಂದು ಕಲಿಸಿದವಳು ನೀನು. ಮೊದಲ ತೂತಿನವರೆಗೂ ಬಿಚ್ಚಿ ನೆಟ್ಟಗೆ ಹೆಣೆಯಲೇ? ಕಡ್ಡಿ ಹಿಡಿದು ಕೂತೆ, ನೂಲು ಎಳೆಯಲು ಕೈ ಬರಲಿಲ್ಲ. ಬಿಚ್ಚಿದರೆ ಬರೀ ಉಲ್ಲನ್ ಉಳಿಯುತ್ತದೆ. ಹಾಗಾದರೆ ನಾನೂ ಬೇಕೆಂದೇ ಅಲ್ಲಲ್ಲಿ ತೂತು ಮಾಡುತ್ತ ಹೋಗಲೇ? ಒಂದು ಮಾಡಿ ನೋಡಿದೆ, ಅದು ಸುಳ್ಳುಸುಳ್ಳೇ ಅತ್ತ ಹಾಗೆ ಕಂಡಿತು. ಸವಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದವಳು, "ಚಿಗವ್ವ, ನಮೂನಿ ಸಿಕ್ತಲ್ಲ, ಇನ್ನ ಯಾಕ ಕುಂತಿ? ಭೋಂಗಾ ಆದಾಗ ಏಳು, ಬಂದು ಕುಂದರು. ಅವ್ವ ಮಾಡಿದ್ದು ಅಷ್ಟ ಅಲ್ಲೇನು?" ಎಂದಳು.

ಹಾಗೇ ಮಾಡಿದೆ. ನೀನು ನಿಲ್ಲಿಸಿದ ಕುಣಿಕೆಯಿಂದಲೇ ಮುಂದುವರಿಸಿದೆ. ಭೋಂಗಾ ಆದಾಗ ಎದ್ದೆ, ಅನ್ನಕ್ಕಿಟ್ಟೆ, ಬಂದು ಕೈಗೆ ಸಿಕ್ಕ ಹಾಗೆ ಹಿಡಿದೆ. ಕೆಲವು ಸಲ ತಪ್ಪಿತು, ಕೆಲವು ಸಲ ತಪ್ಪಲಿಲ್ಲ. ನಿನ್ನದು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗುತ್ತದೆಂದು ಸವಿತಾಗೆ ಕಾಣುವುದಿಲ್ಲ. ನನಗೆ ಕಾಣುತ್ತದೆ. ನಿನ್ನ ಕೊನೆಯ ಕುಣಿಕೆ ಸ್ವಲ್ಪ ಬಿಗಿ, ಯಾರೋ ಕರೆದಾಗ ಎದ್ದವಳ ಕೈಯದು. ಅಲ್ಲಿ ಬೆರಳು ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ಇಷ್ಟು ವರ್ಷ ನಿನ್ನ ಪಕ್ಕ ಕೂತು ಹೆಣೆದವಳು ನಾನು, ನೀನು ಏಳುವುದನ್ನು ನೋಡಿದ್ದೆ, ಕೂರುವುದನ್ನು ನೋಡಿದ್ದೆ. ತೂತು ಮಾತ್ರ ಕಾಣಲಿಲ್ಲವಲ್ಲ...

ಈಗ ಸುದ್ದಿ. ಹೆಣ್ಣು ಕೂಸು. ತಾಯಿ, ಮಗಳು ಇಬ್ಬರೂ ಆರಾಮ. ಮೂಗು ನಿನ್ನದು, ಸಿಟ್ಟು ಗಿರಿಜತ್ತೆಯದು. ತೊಟ್ಟಿಲಿಗೆ ಹಾಕುವುದು ಇನ್ನೂ ಆಗಿಲ್ಲ, ಹೆಸರಿಲ್ಲ. ಭಾವ ಮಾತ್ರ ಆಗಲೇ "ಟೀವಿ" ಎಂದು ಕರೆಯುತ್ತಾರೆ. ಅತ್ತರೆ, "ನಮ್ಮ ಟೀವಿ ಭಾಳ ಒದರಾಕತ್ತೈತಿ, ಸೌಂಡ್ ಕಮ್ಮಿ ಮಾಡ್ರವ್ವ" ಎನ್ನುತ್ತಾರೆ. ನೀನು ಹೇಳಿದ್ದು ಸುಳ್ಳಾಗಬಾರದಂತೆ.

ಇವತ್ತು ಮೊದಲ ಸಲ ಆ ಶಾಲು ಹೊಚ್ಚಿದೆವು. ನೀನು ಹೇಳಿದ ಹಾಗೇ ಆಯಿತು ನೋಡು. ಸ್ವಲ್ಪ ಹೊತ್ತಿಗೇ ಕೂಸು ಕಿರುಬೆರಳನ್ನು ಒಂದು ತೂತಿಗೆ ತೂರಿಸಿ ಸಿಕ್ಕಿಸಿಕೊಂಡಿತು. ನನ್ನ ಭಾಗದ್ದಲ್ಲ, ನಿನ್ನದು. ಬಿಡಿಸಲು ಹೋದೆ. ಬೆರಳು ಮಡಚಿ, ನೂಲನ್ನು ಗಟ್ಟಿಯಾಗಿ ಹಿಡಿದು, ಹಾಗೇ ನಿದ್ದೆಹೋಯಿತು.

ಭೋಂಗಾ ಆಗುವ ಹೊತ್ತಾಯಿತು, ಏಳಬೇಕು. ಕೂಸು ಇನ್ನೂ ನೂಲು ಬಿಟ್ಟಿಲ್ಲ. ಬಿಡಿಸಲೋ, ಹಾಗೇ ಇರಲೋ? ನೀನು ಹೇಳದೆ ನನಗೆ ತಿಳಿಯುವುದಿಲ್ಲ ಅಕ್ಕಾ, ಬೇಗ ಬರೆ.

ನಿನ್ನ ತಂಗಿ,
ಶಾಂತಾ