ನನ್ನ ಮೇಲಿನ ಮೊಕದ್ದಮೆಯನ್ನು ದಯವಿಟ್ಟು ನಡೆಸಿ

ಕೌಂಟಿ ನ್ಯಾಯಾಲಯದ ದಾಖಲೆ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಾನು ಅಪರಾಧಿಯೋ ಅಲ್ಲವೋ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದುಕೊಡಿ ಎಂದು ಕಳೆದ ವರ್ಷ ತಮ್ಮ ಕಚೇರಿಯನ್ನು ಕೇಳಿಕೊಂಡೆ. ಅಪರಾಧಿ ಎಂದು ಬರೆಯಲು ತಮ್ಮ ಬಳಿ ಆಧಾರವಿಲ್ಲ. ಅಲ್ಲ ಎಂದು ಬರೆಯಲು ತಮಗೆ ಧೈರ್ಯವಿಲ್ಲ. ಈ ಎರಡರ ನಡುವೆ ಸಿಕ್ಕಿ ನನ್ನ ಮೊಮ್ಮಗಳು ಡೆಲ್ಲಾ ಬೇರೆಯವರ ಮಗುವಾದಳು. ಖಾಸಗಿಯಾಗಿ ಬರೆದ ಅರ್ಜಿಗಳಿಗೆಲ್ಲ ತಮ್ಮಿಂದ ಒಂದೇ ಮುದ್ರಿತ ಉತ್ತರ ಬಂದದ್ದರಿಂದ, ಊರವರೆಲ್ಲ ಓದುವ ಈ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ, ಚುನಾವಣೆಯಲ್ಲಿ ತಮ್ಮನ್ನು ಈ ಹುದ್ದೆಗೆ ಆರಿಸಲು ಮತ ಹಾಕುವವರು ಓದುತ್ತಾರೆ.

ನನ್ನ ಹೆಸರು ಅರ್ಲೀನ್ ಸ್ಲೋನ್. ಹುಟ್ಟಿ ಬೆಳೆದದ್ದು ತಮ್ಮ ಕೌಂಟಿಯಲ್ಲೇ. ಮದುವೆಯಾದ ಮೇಲೆ ಬೆಟ್ಟದಾಚೆಗೆ ಹೋದೆ, ಅಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗಳು ಲಿಯಾನ್ ಬೆನ್ನುನೋವಿಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನುಂಗುತ್ತ ನುಂಗುತ್ತ, ಕೊನೆಗೆ ಯಾರೂ ಬರೆದುಕೊಡದ ಮಾತ್ರೆಗಳನ್ನೂ ನುಂಗಿ ಹೋಗಿಬಿಟ್ಟಳು. ಈ ಕಣಿವೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಒಂದು ಖಾಲಿ ಕುರ್ಚಿ ಇಲ್ಲದ ಮನೆ ಯಾವುದಿದೆ? ಲಿಯಾನ್ ಬಿಟ್ಟುಹೋದದ್ದು ಐದು ವರ್ಷದ ಡೆಲ್ಲಾಳನ್ನು. ಮಗುವನ್ನು ಮಕ್ಕಳ ಇಲಾಖೆಯವರು ತಾತ್ಕಾಲಿಕವಾಗಿ ಒಂದು ಕುಟುಂಬದ ವಶಕ್ಕೆ ಕೊಟ್ಟರು. ಅವಳನ್ನು ನನಗೇ ಕೊಡಿ ಎಂದು ಕೇಳಿದೆ. ಅಜ್ಜಿ ಮೊಮ್ಮಗಳನ್ನು ಕೇಳುವುದು ಕಾನೂನಿನ ಪ್ರಕಾರ ಒಂದು ಅರ್ಜಿ ಎಂದು ಅಂದು ತಿಳಿಯಿತು.

ಇಲಾಖೆಯಿಂದ ಬಂದ ಹುಡುಗಿ ಮಿಸ್ ಪ್ರೂಯಿಟ್ ಒಳ್ಳೆಯವಳು. ನನ್ನ ಮನೆಯ ಮೆಟ್ಟಿಲು, ಒಲೆ, ಡೆಲ್ಲಾಳಿಗೆಂದು ಹಾಸಿದ್ದ ಮಂಚ, ಎಲ್ಲ ನೋಡಿ ಸಂತೋಷಪಟ್ಟಳು. ನಾನು ಕೊಟ್ಟ ಹುರುಳಿಕಾಯಿ ಸಾರನ್ನೂ ಮೆಕ್ಕೆಜೋಳದ ಬ್ರೆಡ್ಡನ್ನೂ ಮುಜುಗರವಿಲ್ಲದೆ ತಿಂದಳು. ಹೊರಡುವಾಗ ಹೇಳಿದಳು:

"ಇನ್ನೊಂದೇ ಕೆಲಸ ಬಾಕಿ ಇರೋದು, ಅರ್ಲೀನಮ್ಮ. ಹದಿನೆಂಟು ತುಂಬಿದ ಮೇಲೆ ನೀವು ಎಲ್ಲೆಲ್ಲಿ ಇದ್ರೋ ಅಲ್ಲೆಲ್ಲ ಹೋಗಿ, ನಿಮ್ಮ ಮೇಲೆ ಕೇಸಿಲ್ಲ ಅಂತ ಬರೆಸ್ಕೊಂಡು ಬನ್ನಿ. ರಾಜ್ಯದ ಪಟ್ಟಿ ಒಂದೇ ಸಾಕಾಗಲ್ಲ. ಹಳೇದೆಲ್ಲ ಆಯಾ ಕೌಂಟೀಲೇ ಉಳ್ಕೊಂಡಿರುತ್ತೆ."

"ನನ್ನ ಮೇಲೆ ಯಾರಮ್ಮ ಕೇಸು ಹಾಕ್ತಾರೆ?"

"ಅಷ್ಟೇ ಅಲ್ವಾ! ಹಾಗಾದ್ರೆ ಒಂದು ವಾರದ ಕೆಲಸ," ಎಂದು ನಕ್ಕಳು.

ಬೆಟ್ಟದಾಚೆಯ ಕೌಂಟಿಯವರು ನಾನು ಅಲ್ಲೇ ನಿಂತಿರುವಾಗ ಬರೆದುಕೊಟ್ಟರು. ಆಮೇಲೆ ತಮ್ಮ ಕಚೇರಿಗೆ ಬಂದೆ. ಬರುವ ಮುನ್ನ ನ್ಯಾಯಾಲಯಕ್ಕೆ ಹೋಗಬೇಕೋ, ಪೊಲೀಸ್ ಕಡತ ಇಟ್ಟುಕೊಂಡಿರುವ ಶೆರಿಫರ ಕಚೇರಿಗೆ ಹೋಗಬೇಕೋ ಎಂದು ದೂರವಾಣಿಯಲ್ಲಿ ಕೇಳಿದ್ದೆ. ನ್ಯಾಯಾಲಯದವರು ಶೆರಿಫರ ಕಡೆ ಕೈ ತೋರಿದರು, ಶೆರಿಫರ ಕಚೇರಿಯವರು ನ್ಯಾಯಾಲಯದ ಕಡೆ ಕೈ ತೋರಿದರು. ಎರಡೂ ಇರುವುದು ಒಂದೇ ಕಟ್ಟಡದಲ್ಲಿ, ನಡುವೆ ಒಂದೇ ಗೋಡೆ. ಆ ಗೋಡೆಯ ಎರಡೂ ಬದಿಯನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಈಗ ಕೌಂಟಿಯಲ್ಲಿ ಯಾರೂ ಇರಲಾರರು.

ಶೆರಿಫರ ಕಿಟಕಿಯಲ್ಲಿದ್ದ ಹೆಂಗಸು ಕಂಪ್ಯೂಟರ್ ಪರದೆಯತ್ತ ನೋಡಿ ದನಿ ತಗ್ಗಿಸಿದಳು.

"ಅಮ್ಮ, ನಿಮ್ಮ ಹೆಸರಲ್ಲಿ ಒಂದು ಬಂಧನ ಇದೆ."

"ಯಾವುದಕ್ಕೆ?"

"ಮಾರಕಾಯುಧದಿಂದ ಪೊಲೀಸ್ ಅಧಿಕಾರಿ ಮೇಲೆ ಹಲ್ಲೆ."

ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ನನಗೆ ಮೊದಲು ನಗು ಬಂತು. ಆಮೇಲೆ ಎಲ್ಲ ನೆನಪಾಯಿತು.

ಅಂಗಿ ಹೊಲಿಯುವ ಕಾರ್ಖಾನೆಯ ಮುಷ್ಕರವದು. ಆಗ ನನಗೆ ಹತ್ತೊಂಬತ್ತು. ಶೌಚಾಲಯಕ್ಕೆ ಹೋಗಲು ಕೈಯೆತ್ತಿ ಅಪ್ಪಣೆ ಕೇಳಬೇಕಾಗಿದ್ದ ಕಾಲ. ಅದರ ವಿರುದ್ಧವೇ ನಾವು ಹೆಂಗಸರು ಗೇಟಿನೆದುರು ನಿಂತಿದ್ದೆವು. ಒಂದು ಬೆಳಿಗ್ಗೆ ಲಾರಿಯೊಂದು ನಮ್ಮನ್ನು ತಳ್ಳಿಕೊಂಡೇ ಒಳನುಗ್ಗಿತು. ನಾನು ಎಡವಿದೆ. ಕೈಯಲ್ಲಿದ್ದ ಕಾಫಿ ಫ್ಲಾಸ್ಕ್ ಜಾರಿ ಅಲ್ಲಿದ್ದ ಪೊಲೀಸನೊಬ್ಬನ ಬೂಟಿನ ಮೇಲೆ ಬಿತ್ತು. ನನ್ನನ್ನು ಹಿಡಿದು ಜೈಲಿಗೆ ಹಾಕಿದರು. ಮರುದಿನ ನ್ಯಾಯಾಧೀಶರು ಮಾರಕಾಯುಧವನ್ನು ಮೇಜಿನ ಮೇಲಿಡಿಸಿ, ಮುಚ್ಚಳ ತಿರುಗಿಸಿ ಮೂಸಿ ನೋಡಿದರು. "ಕುಡಿದ್ರೆ ಮಾತ್ರ ಇದು ಮಾರಕ," ಎಂದರು. ನ್ಯಾಯಾಲಯವೆಲ್ಲ ನಕ್ಕಿತು. "ಮನೆಗೆ ಹೋಗಮ್ಮ, ನಿನ್ನ ಮೇಲೆ ಏನೂ ಇಲ್ಲ," ಎಂದರು. ನಾನು ಹೋದೆ. ನ್ಯಾಯಾಧೀಶರೇ ಏನೂ ಇಲ್ಲ ಎಂದ ಮೇಲೆ ಏನೂ ಇರುವುದಿಲ್ಲ ಎಂದು ನಂಬಿ ಮದುವೆಯಾದೆ, ಮಗಳನ್ನು ಹೆತ್ತೆ, ಅವಳನ್ನು ಮಣ್ಣು ಮಾಡಿದೆ.

ಬಂಧಿಸಿದ್ದು ಶೆರಿಫರ ಕಡತದಲ್ಲಿದೆ. ಬಿಟ್ಟುಬಿಟ್ಟದ್ದು ಇರಬೇಕಾದದ್ದು ತಮ್ಮ ಕಚೇರಿಯಲ್ಲಿ. ಆದರೆ ಆ ವರ್ಷಗಳ ತೀರ್ಪುಗಳೆಲ್ಲ ನೆಲಮಾಳಿಗೆಯಲ್ಲಿದ್ದವಂತೆ, ಹೊಳೆ ಉಕ್ಕಿ ನೆಲಮಾಳಿಗೆಗೆ ನುಗ್ಗಿದಾಗ ಕೊಚ್ಚೆಯಾದವಂತೆ. ಆ ಹೊಳೆಯ ಜಾಣತನಕ್ಕೆ ತಲೆಬಾಗಬೇಕು. ಆರೋಪಗಳಿದ್ದ ಮೇಲಿನ ಮಹಡಿಯನ್ನು ಮುಟ್ಟದೆ ಬಿಡುಗಡೆಗಳನ್ನು ಮಾತ್ರ ಹುಡುಕಿಕೊಂಡು ಬಂದು ಒಯ್ದಿತಲ್ಲ!

ತಾವು ಅಂದು ಖುದ್ದಾಗಿ ಹೊರಬಂದು ನನ್ನೊಡನೆ ಮಾತಾಡಿದಿರಿ. ಅದಕ್ಕೆ ಕೃತಜ್ಞಳು.

"ಕೇಸು ವಜಾ ಆಯ್ತು ಅಂತ ಬರೆದುಕೊಡಿ ಸಾರ್," ಎಂದೆ.

"ಕಾಗದ ಇಲ್ದೆ ಹೇಗಮ್ಮ ಬರೀಲಿ?"

"ಹಾಗಾದ್ರೆ ಕೇಸೇ ಇಲ್ಲ ಅಂತ ಬರ್ಕೊಡಿ."

"ಬಂಧನ ಆಗಿದೆಯಲ್ಲ."

"ಸರಿ, ಶಿಕ್ಷೆ ಆಯ್ತು ಅಂತಾನಾದ್ರೂ ಬರೀರಿ!"

"ತಮಾಷೆ ಬೇಡಮ್ಮ," ಎಂದಿರಿ ತಾವು.

ನಾನು ತಮಾಷೆ ಮಾಡಿರಲಿಲ್ಲ. ನನಗೆ ಶಿಕ್ಷೆಯಾಗಿದ್ದರೆ ಮಿಸ್ ಪ್ರೂಯಿಟ್ ನನ್ನ ಪರವಾಗಿ ವಿನಾಯಿತಿ ಕೇಳಬಹುದಿತ್ತು. ಅಷ್ಟು ಹಳೆಯ ಶಿಕ್ಷೆಯನ್ನು ಮನ್ನಿಸಲು ಇಲಾಖೆಯಲ್ಲಿ ನಿಯಮವಿದೆ. ತೀರ್ಪಿನ ಕಾಗದವಿಲ್ಲದ ಬಂಧನ ಇಲಾಖೆಯ ಲೆಕ್ಕದಲ್ಲಿ ಮುಗಿಯದ ಆರೋಪ, ಮುಗಿಯದ ಆರೋಪಕ್ಕೆ ವಿನಾಯಿತಿ ಇಲ್ಲ. ಪೊಲೀಸನ ತಲೆಯನ್ನು ನಿಜಕ್ಕೂ ಒಡೆದು ಜೈಲಿನಲ್ಲಿ ಕೊಳೆತು ಬಂದಿದ್ದರೆ ಇಂದು ಡೆಲ್ಲಾ ನನ್ನ ಅಡುಗೆಮನೆಯಲ್ಲಿ ಇರುತ್ತಿದ್ದಳೇನೋ. ನಾನು ಮಾಡಿದ ತಪ್ಪು ಒಂದೇ, ತಪ್ಪು ಮಾಡದೇ ಇದ್ದದ್ದು. ಇದನ್ನು ಯಾವ ಶಾಲೆಯಲ್ಲಿ, ಯಾವ ಚರ್ಚಿನಲ್ಲಿ ಮಕ್ಕಳಿಗೆ ಕಲಿಸೋಣ, ಹೇಳಿ?

ಆದರೂ ನಾನು ಕೈಕಟ್ಟಿ ಕೂರಲಿಲ್ಲ. ತೀರ್ಪು ಕೊಟ್ಟ ನ್ಯಾಯಾಧೀಶರು ತೀರಿಕೊಂಡಿದ್ದರು. ನನ್ನೊಡನೆ ಗೇಟಿನಲ್ಲಿ ನಿಂತವರಲ್ಲಿ ಉಳಿದವಳು ನ್ಯಾಡೀನ್ ಒಬ್ಬಳೇ, ಅವಳಿಗೆ ಈಗ ಗಂಡನ ಗುರುತೂ ಇಲ್ಲ. ಬದುಕಿದ್ದವನು ನನ್ನನ್ನು ಬಂಧಿಸಿದ ಪೊಲೀಸ್, ಹೋಬರ್ಟ್ ಟ್ಯಾಕೆಟ್. ಪೇಟೆಯಂಚಿನ ವೃದ್ಧಾಶ್ರಮದಲ್ಲಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ. ಮೂಗಿಗೆ ಆಮ್ಲಜನಕದ ಕೊಳವೆ. ಬಾಗಿಲಲ್ಲಿ ನಿಂತು ಹೆಸರು ಹೇಳಿದೆ. ಅವನು ಕುರ್ಚಿಯನ್ನು ನನ್ನತ್ತ ತಿರುಗಿಸಿದ.

"ಕಾಫಿ ಹುಡುಗಿ," ಎಂದ.

"ನನ್ನಿಂದ ನಿಂಗೆ ಏಟು ಬಿತ್ತೇನಯ್ಯ, ಹೋಬರ್ಟ್?"

"ಎಲ್ಲಿ ಬಿತ್ತು? ಬೂಟು ಒದ್ದೆ ಆಯ್ತು, ಅಷ್ಟೇ. ಯಾರದಾದ್ರೂ ಒಂದು ಹೆಸರು ತಗೊಂಡು ಬಾ ಅಂದ್ರು ಮೇಲಿನವರು. ನೀನು ನೆಲದ ಮೇಲೆ ಬಿದ್ದಿದ್ದೆ. ಓಡೋಕಾಗದೇ ಇದ್ದವಳು ನೀನೊಬ್ಳೇ."

ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಡೆಲ್ಲಾಳ ವಿಷಯ ಹೇಳಿದೆ. ಅವನು ಅತ್ತ ತಿರುಗಿ ಕಣ್ಣೊರೆಸಿಕೊಂಡು, "ಎಲ್ಲಿಗೆ ಬರ್ಬೇಕು ಹೇಳು, ಬರ್ತೀನಿ. ಬೈಬಲ್ ಮೇಲೆ ಕೈಯಿಟ್ಟು ಹೇಳ್ತೀನಿ," ಎಂದ.

ಹೇಳಿದ ಹಾಗೇ ಬಂದ. ಆಶ್ರಮದ ವ್ಯಾನಿನಲ್ಲಿ, ಆಮ್ಲಜನಕದ ಸಿಲಿಂಡರ್ ಸಮೇತ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮ ಕಿಟಕಿಗೆ ಬಂದ. ನಡೆದದ್ದೆಲ್ಲವನ್ನೂ ಪ್ರಮಾಣಮಾಡಿ ಬರೆಸಿ ಸಹಿ ಹಾಕಿದ. ತಾವು ಅದನ್ನು ಓದಿ, ಮೃದುವಾಗಿ ಮಡಚಿ, ನನಗೇ ಹಿಂದಿರುಗಿಸಿದಿರಿ. ಹೇಳಿಕೆ ದಾಖಲೆಯಾಗಲಾರದು ಎಂದಿರಿ. ಅವರೀಗ ಅಧಿಕಾರದಲ್ಲಿಲ್ಲ ಎಂದಿರಿ.

"ಸ್ವಾಮಿ, ಅವತ್ತು ಸುಳ್ಳು ಬರೆದವನೂ ನಾನೇ ಅಲ್ವಾ?" ಎಂದು ಕೇಳಿದ ಹೋಬರ್ಟ್.

"ಅವತ್ತು ನೀವು ಕರ್ತವ್ಯದ ಮೇಲಿದ್ರಿ," ಎಂದಿರಿ.

ಮಾನ್ಯರೇ, ಆ ಮಾತನ್ನು ನಾನು ಹಲವು ದಿನ ತಲೆಯಲ್ಲಿ ಹೊತ್ತು ತಿರುಗಿದೆ. ಸಮವಸ್ತ್ರದಲ್ಲಿ ಹೇಳಿದ ಸುಳ್ಳು ಸರ್ಕಾರದ ಆಸ್ತಿ, ಅದಕ್ಕೆ ಬೀಗ, ಕಪಾಟು, ಕಾವಲು. ಸಾಯುವ ಮುನ್ನ ಹೇಳಿದ ಸತ್ಯ ಮುದುಕನ ಹರಟೆ. ತಾವು ಕೆಟ್ಟವರಲ್ಲ. ಹೋಬರ್ಟನ ಗಾಲಿಕುರ್ಚಿಯನ್ನು ವ್ಯಾನಿನವರೆಗೆ ತಾವೇ ತಳ್ಳಿಕೊಂಡು ಬಂದಿರಿ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ತಾವು ನಿಯಮ ಪಾಲಿಸುವವರು. ಒಬ್ಬ ಮನುಷ್ಯ ಕೊಳವೆಯಲ್ಲಿ ಉಸಿರೆಳೆಯುತ್ತ ಬಂದು ತನ್ನ ತಪ್ಪನ್ನು ತಿದ್ದಿಕೊಳ್ಳುತ್ತೇನೆ ಎಂದರೆ, ಅದನ್ನು ಇಸಿದುಕೊಳ್ಳಲು ಒಂದು ಖಾನೆಯೂ ಇಲ್ಲದ ನಿಯಮವನ್ನು ಯಾರು ಮಾಡಿದರು? ರಾಜ್ಯದ ಕಚೇರಿಯನ್ನು ಕೇಳಿದರೆ ಕೌಂಟಿಯೇ ತಿದ್ದಬೇಕು ಎಂದರು. ತಮ್ಮನ್ನು ಕೇಳಿದರೆ ರಾಜ್ಯದಿಂದ ಆದೇಶ ಬರಲಿ ಎಂದಿರಿ. ವಕೀಲರೊಬ್ಬರು ನೋಡಿ, ಇದನ್ನು ಅಳಿಸಲು ದಾರಿಯಿದೆ, ಆದರೆ ಮೊದಲು ವಜಾ ಆದ ಆದೇಶದ ಪ್ರತಿ ಲಗತ್ತಿಸಬೇಕು ಎಂದರು. ನಾನು ಅವರ ಎದುರೇ ನಕ್ಕುಬಿಟ್ಟೆ. ಪಾಪ, ಅವರಿಗೆ ಗಾಬರಿಯಾಯಿತು.

ಅಷ್ಟರಲ್ಲಿ ಕುಟುಂಬ ನ್ಯಾಯಾಲಯದ ದಿನ ಬಂತು. ಮಗು ಇನ್ನೆಷ್ಟು ಕಾಲ ತೂಗಾಡಬೇಕು ಎಂದರು ನ್ಯಾಯಾಧೀಶರು. ಅದು ನ್ಯಾಯವಾದ ಪ್ರಶ್ನೆಯೇ. ಮಿಸ್ ಪ್ರೂಯಿಟ್ ಎದ್ದು ನನ್ನ ಪರವಾಗಿ ಮಾತಾಡಿ ಕೂತಳು. ದೂರದ ರಾಜ್ಯದ ದಂಪತಿ ಡೆಲ್ಲಾಳನ್ನು ದತ್ತು ತೆಗೆದುಕೊಂಡರು. ಒಳ್ಳೆಯವರಂತೆ. ಮನೆಯ ಹಿಂದೆ ಸರೋವರವಿದೆಯಂತೆ. ಹೊರಡುವ ಮುನ್ನ ಒಮ್ಮೆ ನೋಡಲು ಬಿಟ್ಟರು. ಇಲಾಖೆಯ ಕೋಣೆಯಲ್ಲಿ ಡೆಲ್ಲಾ ನನ್ನ ಮಡಿಲಲ್ಲಿ ಕೂತು, ನನ್ನ ಸ್ವೆಟರಿನ ಗುಂಡಿ ತಿರುಗಿಸುತ್ತ ಕೇಳಿದಳು:

"ಅಜ್ಜೀ, ನೀನು ಪೊಲೀಸಿಗೆ ಹೊಡೆದ್ಯಂತೆ?"

"ಇಲ್ಲ ಕಂದಾ. ಯಾರು ಹೇಳಿದ್ರು?"

"ದೊಡ್ಡವರು ಮಾತಾಡ್ಕೋತಿದ್ರು. ಹೊಡೀದೇ ಇದ್ರೆ ನಾನ್ಯಾಕೆ ನಿನ್ನ ಜೊತೆ ಬರಬಾರ್ದು?"

ಮಾನ್ಯರೇ, ಇದಕ್ಕೆ ಉತ್ತರ ತಮ್ಮ ಬಳಿ ಇದ್ದರೆ ಕಳಿಸಿಕೊಡಿ. ನಾನು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ. ಅಷ್ಟೇ ನನ್ನಿಂದಾದದ್ದು.

ಹೋಬರ್ಟ್ ಟ್ಯಾಕೆಟ್ ವಸಂತಕ್ಕೆ ಮುಂಚೆ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ನನ್ನ ಮೇಲಿನ ಆರೋಪಕ್ಕೆ ಈಗ ದೂರುದಾರನೂ ಇಲ್ಲ, ಸಾಕ್ಷಿಯೂ ಇಲ್ಲ, ತೀರ್ಪೂ ಇಲ್ಲ. ಆದರೂ ಅದು ತಮ್ಮ ಕಟ್ಟಡದಲ್ಲಿ ನನಗಿಂತ ಗಟ್ಟಿಮುಟ್ಟಾಗಿದೆ.

ಡೆಲ್ಲಾಳನ್ನು ಹಿಂದಕ್ಕೆ ಕೊಡಿ ಎಂದು ನಾನು ತಮ್ಮನ್ನು ಕೇಳುತ್ತಿಲ್ಲ. ಅದು ತಮ್ಮ ಕೈಯಲ್ಲಿಲ್ಲ, ಆಗಿಹೋದದ್ದನ್ನು ಯಾವ ನ್ಯಾಯಾಲಯವೂ ಬಿಚ್ಚುವುದಿಲ್ಲ. ನನ್ನ ಬೇಡಿಕೆ ಚಿಕ್ಕದು. ಆರೋಪ ಇನ್ನೂ ಬಾಕಿ ಎಂದು ತಮ್ಮ ಕಚೇರಿ ಹೇಳುವುದು ನಿಜವಾದರೆ, ಅದನ್ನು ವಿಚಾರಣೆಗೆ ಹಾಕಿಸಿ. ನನ್ನನ್ನು ಕರೆಸಿ, ಕಟಕಟೆಯಲ್ಲಿ ನಿಲ್ಲಿಸಿ. ಬೇಕಾದರೆ ತಪ್ಪಿತಸ್ಥಳೆಂದೇ ತೀರ್ಪು ಕೊಡಿಸಿ. ಯಾವುದಾದರೂ ಒಂದನ್ನು ಬರೆಯಿರಿ. ಅದಾಗದಿದ್ದರೆ ಹೋಬರ್ಟನ ಹೇಳಿಕೆಯನ್ನು ಆ ಬಂಧನದ ಹಾಳೆಗೆ ಒಂದು ಗುಂಡುಸೂಜಿಯಿಂದಲಾದರೂ ಚುಚ್ಚಿಡಿ. ಇನ್ನೊಂದು ಹನ್ನೆರಡು ವರ್ಷಕ್ಕೆ ಡೆಲ್ಲಾ ಹದಿನೆಂಟು ತುಂಬಿ ಸ್ವತಂತ್ರಳಾಗುತ್ತಾಳೆ. ತನ್ನ ಅಜ್ಜಿ ಎಂಥವಳಿದ್ದಳು, ತನ್ನನ್ನು ಯಾಕೆ ಬಿಟ್ಟುಕೊಟ್ಟಳು ಎಂದು ಅವಳು ಒಂದು ದಿನ ಹುಡುಕಿಕೊಂಡು ಬರಬಹುದು. ಅಷ್ಟು ಹೊತ್ತಿಗೆ ನಾನು ಇರುವುದಿಲ್ಲ. ಅವಳು ಬಂದು ನಿಲ್ಲುವುದು ತಮ್ಮ ಕಿಟಕಿಯ ಮುಂದೆ. ಆಗ ಅವಳ ಕೈಗೆ ಕೊಡುವ ಹಾಳೆಯಲ್ಲಿ ಎರಡನೆಯ ಸಾಲೊಂದು ಇರಲಿ.

ಇಂತಿ,
ಅರ್ಧ ಬರೆದು ತಾವು ಕೈಬಿಟ್ಟವಳು,
ಅರ್ಲೀನ್ ಸ್ಲೋನ್