ಖಾಜಾಸಾಬರ ರೇಡಿಯೊ, ಮುಗಿಲಿನ ಅಲೆ

ಅಪ್ಪಾ,

ಈ ಸಂಜೆ ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಕಲ್ಮಲ ಹತ್ತಿರವಾದಾಗ ದೂರದಲ್ಲಿ ಮಳೆಮೋಡವೊಂದು ಒಂಟಿಯಾಗಿ ಎದ್ದು ನಿಂತಿತ್ತು. ಅದರ ನೆತ್ತಿಯ ಮೇಲೆ ತೆಳ್ಳನೆಯ ಬಿಳಿ ಗೆರೆಗಳು, ಬಿತ್ತಿದ ಹೊಲದ ಸಾಲಿನಂತೆ. ಬಸ್ಸಿನಲ್ಲಿ ಯಾರೂ ಅತ್ತ ನೋಡಲಿಲ್ಲ. ನಾನು ಮಾತ್ರ ನೋಡುತ್ತ ನೋಡುತ್ತ, ನಿನಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನೀನು ಹೋದ ಮೇಲೆ ನನಗೆ ತಿಳಿದುಬಂದ ಸಂಗತಿ ಇದು. ನೀನಿದ್ದಾಗಲೇ ತಿಳಿದಿದ್ದರೆ... ಇರಲಿ, ಈಗಲಾದರೂ ಬರೆಯುತ್ತೇನೆ.

ಮಾನ್ವಿಯ ಬಸ್ ನಿಲ್ದಾಣದ ಹಿಂದಿದ್ದ ನಿನ್ನ ರೇಡಿಯೊ ರಿಪೇರಿ ಅಂಗಡಿ ನೆನಪಾಗುತ್ತದೆ. ಅಂಗಡಿ ಅಂದರೆ ತಗಡಿನ ಒಂದು ಡಬ್ಬಿ, ಒಳಗೆ ಇಬ್ಬರು ಕೂತರೆ ಮೂರನೆಯವರು ಹೊರಗೇ ನಿಲ್ಲಬೇಕು. ಬೆಸುಗೆಯ ಹೊಗೆಯ ನಡುವೆ ನೀನು ರೇಡಿಯೊಗೆ ಕಿವಿ ಹಚ್ಚಿ, "ಎಲ್ಲಿ ನೋವಾಗ್ತದ ಹೇಳು" ಅಂತ ಅದನ್ನೇ ಕೇಳುತ್ತಿದ್ದೆ. ಸಿರವಾರದಿಂದಲೂ ಜನ ನಿನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ಕೈ ಅಂದ್ರ ಉಸ್ತಾದರ ಕೈ" ಅಂತ ಅವರು ಹೇಳಿದಾಗ ನೀನು ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ ಎನ್ನುವುದು ನನಗೆ ಗೊತ್ತಿತ್ತು, ಇಲ್ಲ ಅನ್ನಬೇಡ.

ಬಾಗಲವಾಡದ ಟೇಲರ್ ಖಾಜಾಸಾಬರು ತಮ್ಮ ರೇಡಿಯೊವನ್ನು ಮೂರನೆಯ ಸಲ ಹೊತ್ತು ತಂದ ಮಧ್ಯಾಹ್ನ ನಾನು ಕಾಲೇಜು ಮುಗಿಸಿ ಅಂಗಡಿಯಲ್ಲೇ ಇದ್ದೆ. ಮೊದಲ ಸಲ ನೀನು ಕಂಡೆನ್ಸರ್ ಬದಲಿಸಿದ್ದೆ, ಎರಡನೆಯ ಸಲ ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿದ್ದೆ.

"ಮುಂಜಾನಿಂದ ಹಚ್ಚಿಟ್ಟು ನೋಡೀನ್ರಿ ಸಾಬ್ರ, ಗಂಟಿ ಹೊಡದಂಗ ಬರ್ತಿತ್ತು," ಅಂದೆ ನೀನು.

"ಇಲ್ಲಿ ಚಲೋನೇ ಹಾಡ್ತದ ಉಸ್ತಾದ್," ಅಂದರು ಅವರು, ತಾವೇ ತಪ್ಪು ಮಾಡಿದವರ ಹಾಗೆ. "ಮನ್ಯಾಗ ಸಂಜಿಮುಂದ ಕವ್ವಾಲಿ ಹಚ್ಚಿದ್ರ ದನಿ ಏರ್ತದ, ಇಳೀತದ. ಒಮ್ಮೊಮ್ಮೆ ಮುಳುಗೇ ಹೋಗ್ತದ ನೋಡ್ರಿ."

ಹಗಲಿನಲ್ಲಿ ನಿನ್ನ ಅಂಗಡಿಯಲ್ಲಿ ಕೇಳುತ್ತಿದ್ದದ್ದು ಹತ್ತಿರದ ಸ್ಟೇಷನ್. ಖಾಜಾಸಾಬರಿಗೆ ಬೇಕಾಗಿದ್ದದ್ದು ಎಷ್ಟೋ ದೂರದ್ದು, ಹೊತ್ತು ಮುಳುಗಿದ ಮೇಲಷ್ಟೇ ಸಿಗುವಂಥದ್ದು. ಆ ಹೊತ್ತಿಗೆ ನೀನು ಬಾಗಿಲು ಹಾಕಿ ಮನೆಗೆ ಬಂದಿರುತ್ತಿದ್ದೆ. ನಿಮ್ಮಿಬ್ಬರಿಗೂ ಇದು ಹೊಳೆಯಲೇ ಇಲ್ಲ, ಅಲ್ಲವೇ?

ಕೊನೆಗೆ ನಾವಿಬ್ಬರೂ ಬಾಗಲವಾಡಕ್ಕೆ ಹೋದ ಸಂಜೆ ಇನ್ನೂ ಕಣ್ಣ ಮುಂದಿದೆ. ಖಾಜಾಸಾಬರ ಮನೆಯ ಕಟ್ಟೆಯ ಮೇಲೆ ಚಹಾ ಬಂತು. ದೂರದಲ್ಲೆಲ್ಲೋ ಮಿಂಚುತ್ತಿತ್ತು, ಗುಡುಗು ಮಾತ್ರ ಕೇಳಿಸುತ್ತಿರಲಿಲ್ಲ. ರೇಡಿಯೊ ಹಚ್ಚಿದರು. ಹಾಡುವವನ ದನಿ ನಮ್ಮ ಪಕ್ಕದಲ್ಲೇ ಬಂದು ಕೂತಂತೆ ತುಂಬಿಕೊಂಡಿತು, ಆಮೇಲೆ ನಿಧಾನವಾಗಿ ಎದ್ದು ಹೊಲದ ಆಚೆಗೆ ನಡೆದುಹೋಯಿತು, ಮತ್ತೆ ಬಂತು. ನನಗೆ ಅದು ಎಷ್ಟು ಚೆಂದ ಕೇಳಿಸಿತು ಗೊತ್ತೇ! ನಿನ್ನ ಮುಖ ಮಾತ್ರ ಕಪ್ಪಿಟ್ಟಿತ್ತು. ನೀನು ಅದನ್ನು ಅಲ್ಲೇ ಬಿಚ್ಚಿದೆ, ಮುಟ್ಟಿದ ತಂತಿಯನ್ನೇ ಮತ್ತೆ ಮುಟ್ಟಿದೆ. ನಾನು ಮುಳ್ಳು ತಿರುಗಿಸಿದಾಗ ಹತ್ತಿರದ ಸ್ಟೇಷನ್ ಸ್ವಚ್ಛವಾಗಿಯೇ ಬಂತು. "ಅದು ಜೋರಿನ ಸ್ಟೇಷನ್, ಹೆಂಗಿದ್ರೂ ಬರ್ತದ," ಅಂದುಬಿಟ್ಟೆ ನೀನು. ಮತ್ತೆ ಇಕ್ಕಳ ಎತ್ತಿಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ನೀನು ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಿದ್ದೆ. "ನನ್ನ ಕೈ ಹೋತವ್ವಾ," ಅಂದೆ. ಮರುದಿನದಿಂದ ಯಾರ ರೇಡಿಯೊವನ್ನೂ ಬಿಚ್ಚಲಿಲ್ಲ. ಅದೇ ಡಬ್ಬಿಯಲ್ಲಿ ಬ್ಯಾಟರಿ, ಬಲ್ಬು, ಟಾರ್ಚು ಮಾರುತ್ತ ದಿನ ತೆಗೆದೆ. ಜನ ಬಂದು ಕೇಳಿದರೆ, "ಈಗ ಕಣ್ಣು ಸರಿ ಕಾಣಂಗಿಲ್ರಿ" ಅಂತ ಸುಳ್ಳು ಹೇಳುತ್ತಿದ್ದೆ. ಕಣ್ಣಿನ ಮೇಲೆ ಹಾಕಿದೆಯೇ ಹೊರತು ಕೈ ಕೆಟ್ಟಿದೆ ಅಂತ ಯಾರೆದುರೂ ಬಾಯಿಬಿಡಲಿಲ್ಲ. ಅದೇ ಸಂಕಟ ಎದೆಯಲ್ಲಿಟ್ಟುಕೊಂಡೇ ಹೋಗಿಬಿಟ್ಟೆ.

ಕಳೆದ ತಿಂಗಳು ರಾಯಚೂರಿನಲ್ಲಿ ನಮ್ಮಂಥ ಭೌತಶಾಸ್ತ್ರದ ಮೇಷ್ಟ್ರುಗಳಿಗೆ ತರಬೇತಿ ಇತ್ತು. ಊಟವಾದ ಮೇಲಿನ ಪಾಠ, ಅರ್ಧ ಜನ ತೂಕಡಿಸುತ್ತಿದ್ದರು. ಹೊರಗಿನಿಂದ ಬಂದ ಪ್ರೊಫೆಸರೊಬ್ಬರು ಗೋಡೆಯ ಮೇಲೆ ಚಿತ್ರ ತೋರಿಸಿದರು: ಮೋಡಗಳಿಗಿಂತ ಬಹಳ ಮೇಲೆ, ಗಾಳಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾದ ಕಡೆ, ಸಾಲು ಸಾಲು ಅಲೆ. ಕೆಳಗಿನ ಗುಡುಗುಮೋಡದಿಂದ ಹೊರಟು ಅಷ್ಟೆತ್ತರ ಹತ್ತಿ ಬಂದವು ಅಂದರು. ಅವು ಇನ್ನೂ ಮೇಲೆ, ರೇಡಿಯೊ ದನಿ ನೆಲಕ್ಕೆ ತಿರುಗುವ ಎತ್ತರಕ್ಕೆ ಹೋದರೆ ಏನಾಗುತ್ತದೆ ಅಂತ ನಾನು ಕೇಳಿದೆ. "ದೂರದ ಸ್ಟೇಷನ್ನಿನ ದನಿ ಉಬ್ಬಿ ಇಳಿಯುತ್ತೆ ಮೇಡಂ," ಅಂದರು, ಏನೂ ದೊಡ್ಡ ಮಾತಲ್ಲ ಅನ್ನುವಂತೆ. ನಾನು ಎದ್ದು ವರಾಂಡಕ್ಕೆ ಬಂದು ಕಂಬ ಹಿಡಿದು ಅತ್ತೆ.

ನಿನಗೆ ತಿಳಿಸಿ ಹೇಳುವ ಆಸೆ, ಕೇಳು. ಕುದ್ದು ಮೇಲೇಳುವ ಮೋಡ ತನ್ನ ತಲೆಯ ಮೇಲಿನ ಗಾಳಿಯನ್ನು ನೂಕುತ್ತದೆ. ಎದ್ದ ಗಾಳಿ ಭಾರಕ್ಕೆ ಇಳಿಯುತ್ತದೆ, ಇಳಿಯುವ ಭರದಲ್ಲಿ ತನ್ನ ಜಾಗ ದಾಟಿ ಕೆಳಗೆ ಹೋಗುತ್ತದೆ, ಮತ್ತೆ ಏಳುತ್ತದೆ. ಗಾಳಿ ಅಲ್ಲಲ್ಲೇ ಎದ್ದು ಬೀಳುತ್ತಿದ್ದರೂ ಆ ತೂಗಾಟ ಮಾತ್ರ ಓರೆಯಾಗಿ ಮೇಲೆ ಮೇಲೆ ಸಾಗುತ್ತದೆ. ಎಷ್ಟೋ ಅಲೆಗಳು ದಾರಿಯಲ್ಲೇ ಎದುರಿನ ಗಾಳಿಗೆ ಸಿಕ್ಕಿ ಕರಗುತ್ತವೆ, ಒಡೆಯುತ್ತವೆ. ಉಳಿದವು ಹತ್ತಿದಷ್ಟೂ ದೊಡ್ಡದಾಗುತ್ತವೆ. ಹೇಗೆ ಅಂತೀಯಾ? ಎತ್ತಿನವರ ಬಾರುಕೋಲು ನೋಡಿಲ್ಲವೇ, ಹಿಡಿಯ ಹತ್ತಿರ ದಪ್ಪ, ತುದಿಗೆ ತೆಳುವು. ಮುಂಗೈ ಸ್ವಲ್ಪ ಆಡಿಸಿದರೆ ಸಾಕು, ತುದಿ ಚಟಾರ್ ಅನ್ನುತ್ತದೆ. ಮೇಲಿನ ಗಾಳಿಯೂ ಹಾಗೆ ತೆಳು. ಕೆಳಗಿನ ಸಣ್ಣ ನೂಕು ಅಲ್ಲಿ ಭಾರಿ ತೂಗಾಟವಾಗುತ್ತದೆ.

ಆ ಎತ್ತರದಲ್ಲಿ ದೂರದ ಸ್ಟೇಷನ್ನಿನ ದನಿಯನ್ನು ನೆಲಕ್ಕೆ ತಿರುಗಿಸಿ ಕಳಿಸುವ ಪದರವೊಂದಿದೆ. ಅಲೆ ಬಂದು ಅದನ್ನು ಅಲುಗಿಸಿದಾಗ ದನಿ ಒಮ್ಮೆ ಒಟ್ಟಾಗಿ ಬೀಳುತ್ತದೆ, ಒಮ್ಮೆ ಚದುರಿ ಹೋಗುತ್ತದೆ. ನಿನ್ನ ಅಂಗಡಿ ಪಕ್ಕದ ಕ್ಷೌರದವರ ಕನ್ನಡಿ ಗಾಳಿಗೆ ಅಲುಗಿದಾಗ ಗಿರಾಕಿಯ ಮುಖ ಒಮ್ಮೆ ಕಂಡು ಒಮ್ಮೆ ತಪ್ಪುತ್ತಿತ್ತಲ್ಲ, ಹಾಗೆ. ಆ ಸಂಜೆ ದೂರ ಮಿಂಚುತ್ತಿದ್ದ ಮೋಡವೇ ಆ ಅಲೆ ಕಳಿಸಿತ್ತು ಅಂತ ನಾನು ಆಣೆ ಮಾಡಲಾರೆ. ನೀನು "ಪಕ್ಕಾ ಏನು?" ಅಂತ ಕೇಳುವವನು. ಮೋಡ ಯಾವುದೋ ಹೇಳಲಾರೆ, ಆದರೆ ರೇಡಿಯೊ ಸರಿಯಿತ್ತು ಎನ್ನುವುದು ಪಕ್ಕಾ.

ಹೋದ ಭಾನುವಾರ ಬಾಗಲವಾಡಕ್ಕೆ ಹೋಗಿದ್ದೆ. ಖಾಜಾಸಾಬರಿಗೆ ಈಗ ಸೂಜಿಗೆ ದಾರ ಪೋಣಿಸುವುದೂ ಕಷ್ಟ, ಆದರೆ ನನ್ನ ಗುರುತು ಹಿಡಿದರು. ನಾನು ಎಲ್ಲ ಹೇಳಿದೆ. ಅವರು ಒಳಗಿನಿಂದ ರೇಡಿಯೊ ತರಿಸಿ ನನ್ನ ಮಡಿಲಿಗಿಟ್ಟರು. ಅದರ ಬೆನ್ನು ತಿರುಗಿಸಿ ನೋಡಿದೆ. ರಿಪೇರಿ ಮುಗಿದ ಮೇಲೆ ಬೇರೆಯವರು ಬಿಚ್ಚಿದರೆ ತಿಳಿಯಲಿ ಅಂತ ನೀನು ಸ್ಕ್ರೂಗಳ ಮೇಲೆ ಅವ್ವನ ಕೆಂಪು ಉಗುರುಬಣ್ಣ ಹಚ್ಚುತ್ತಿದ್ದೆಯಲ್ಲ, ಆ ಸಂಜೆ ಮತ್ತೆ ಮುಚ್ಚಿ ಹಚ್ಚಿದ್ದ ಬೊಟ್ಟು ನಾಲ್ಕೂ ಸ್ಕ್ರೂಗಳ ಮೇಲೆ ಹಾಗೇ ಇತ್ತು.

"ಬ್ಯಾರೆ ಕಡೆ ತೋರಿಸ್ಲಿಲ್ಲೇನ್ರಿ ಚಾಚಾ?"

"ಖರೇ ಹೇಳ್ತೀನಿ ಬೇಟಿ, ನಾನೂ ಉಸ್ತಾದರ ಕೈ ಹೋತಂತನ ತಿಳಕೊಂಡಿದ್ದೆ," ಅಂದರು. "ಆದ್ರ ಇದನ್ನ ಇನ್ನೊಬ್ಬ ಬಿಚ್ಚಿ ಅವ್ರ ತಪ್ಪು ಎತ್ತಿ ತೋರಿಸೋದು ನನಗ ಬ್ಯಾಡಾಗಿತ್ತು. ಹಂಗೇ ಕೇಳಿದೆ. ಏರಿದ್ರ ಏರ್ತು, ಇಳಿದ್ರ ಇಳೀತು."

ಹೊರಡುವಾಗ ಬಾಗಿಲವರೆಗೆ ಬಂದು, "ಈಗ ಇದು ನಿಮ್ಮಪ್ಪಗ ಹೆಂಗ ಮುಟ್ಟಬೇಕು?" ಅಂತ ಕೇಳಿದರು.

"ಬರೀತೀನ್ರಿ" ಅಂದೆ.

ಬರೆದಿದ್ದೇನೆ ಅಪ್ಪಾ. ನಿನ್ನ ಕೈ ಕೆಟ್ಟಿರಲಿಲ್ಲ. ಕಡೆಯವರೆಗೂ ಚೆನ್ನಾಗಿಯೇ ಇತ್ತು.

ನಿನ್ನ ಮಗಳು