ಪಾಸ್‌ಪೋರ್ಟಿಗೆ ಎರಡನೇ ಸಾಕ್ಷಿ

ಭೀಮಾ,

ಶ್ರೀಲಂಕಾಕ್ಕ ಒಯ್ಯಾಕ ನಿನಗೊಂದು ಬ್ಯಾಗ್ ತರಬೇಕಂತ ನವಲಗುಂದಕ್ಕ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವು. ಇವತ್ತ ಪೋಸ್ಟಮನ್ ಪಾಸ್‌ಪೋರ್ಟ್ ತರ್ತಾನ. ಅಸಲ್ ಆಧಾರ್ ಕಾರ್ಡ್ ತೋರಿಸಿ ಇಸ್ಕೊ. ಎರಡು ಝೆರಾಕ್ಸ್ ಮಾಡಿಸಿ ಇಡು. ಮಾರ್ಕ್ಸ್ ಕಾರ್ಡ್ ಕಳದಂಗ ಇದನ್ನೂ ಕಳೀಬ್ಯಾಡಲೇ.

ನಿನಗ ಒಂದು ಮಾತು ಹೇಳಿಲ್ಲ. ಹೋದ ವಾರ ಎನ್‌ಕ್ವಾಯರಿಗೆ ಬಂದ ಪೊಲೀಸಪ್ಪ, ನೆರೆಯವರಿಬ್ಬರ ಸಾಕ್ಷಿ ತಗೊಂಡು ನನಗ ಕಾಗದ ತೋರಿಸಿದ. ಒಂದು ಈರಬಸಪ್ಪ ಕಾಕಾನ ಸಹಿ. ಇನ್ನೊಂದು ಹೆಬ್ಬೆಟ್ಟು. "ನಿಮ್ಮ ತಮ್ಮ ಭಾಳ ಚಲೋ ಹುಡುಗ ಅಂದ್ರು ನೋಡ್ರಿ, ಎದುರಮನಿ ಆಯಿ," ಅಂದ. ಹೆಬ್ಬೆಟ್ಟಿನ ನಡುವ ಕುಡಗೋಲು ಕೊಯ್ದ ಗೆರಿ ಇತ್ತು. ನಿನ್ನ ಎತ್ತಿ ಆಡಿಸಿದ ಫಕೀರವ್ವ ಆಯಿದು. ಆಕಿನ್ನ ಮಣ್ಣು ಮಾಡಿ ಎರಡು ವರ್ಷ ಆತು.

ಅವತ್ತಿಂದ ಆಯಿ ಮನಿಗೆ ಕೀಲಿ ಹಾಕೇ ಐತಿ, ಕೀಲಿಕೈ ನಮ್ಮ ಗ್ವಾಡಿ ಮೊಳಿಗೇ ಇತ್ತು. ಇವತ್ತ ಮುಂಜಾನೆ ಧೈರ್ಯ ಮಾಡಿ ಬಾಗಲಾ ತಗದೆ. ಒಳಗಿನ ಚೌಕಟ್ಟಿಗೆ ಬೆರಳಿನ ನೀಲಿ ಮಸಿ ಒರಸ್ಯಾಳ. ಇನ್ನೂ ಹಸಿ ಐತಿ.

ಅದನ್ನ ಅಳಿಸಬ್ಯಾಡ. ಪಾಸ್‌ಪೋರ್ಟ್ ಬಂದಕೂಡಲೇ ಆ ಹೊಸ್ತಿಲದ ಹೊರಗ ನಿಂತು ತೋರಿಸು. "ಆಯಿ, ಹೋಗಿ ಬರ್ತೀನಿ" ಅನ್ನು.

ಒಳಗ ಬಾ ಅಂದ್ರ ಮಾತ್ರ ಹೋಗಬ್ಯಾಡ.

ಮಾದೇವಿ ಅಕ್ಕ